ಹೀಟ್‌ಸಿಂಕಿನ 50 ಪಿಕೋಫ್ಯಾರಡ್ ಲೆಕ್ಕಕ್ಕೆ ಬರಲಿ

ಮಾನ್ಯರೇ,

ಹೊಸೂರು ಸುತ್ತಿನ ಗುಲಾಬಿ ಪಾಲಿಹೌಸ್‌ಗಳಲ್ಲಿ ಪಂಪಿನ ವೇಗ ನಿಯಂತ್ರಿಸುವ ಡ್ರೈವ್ ಚಾಲೂ ಆದೊಡನೆ ತೇವಾಂಶ ಸೆನ್ಸರಿನ ಅಂಕಿ ಕುಣಿಯುವುದುಂಟು. ಬೈಗುಳ ಸೆನ್ಸರಿಗೆ, ತಪ್ಪು ಮಾತ್ರ ಡ್ರೈವ್ ಹೊರಗೆ ಬಿಡುವ ನಾಯ್ಸ್‌ನದು, ಅಂದರೆ ಬೇಡದ ವಿದ್ಯುತ್ ಅಲೆಗಳದು. ಡ್ರೈವ್, ಚಾರ್ಜರ್, ಎಲ್‌ಇಡಿ ಡ್ರೈವರ್ ಮಾಡುವ ಸಣ್ಣ ಘಟಕಗಳಲ್ಲಿ ಈ ನಾಯ್ಸ್ ಎಷ್ಟೆಂದು ನೋಡುವುದು ಹೆಚ್ಚಾಗಿ ಬೋರ್ಡ್ ಪೆಟ್ಟಿಗೆಗೆ ಸೇರಿ, ಬೆಂಗಳೂರಿನ ಇಲ್ಲವೇ ಚೆನ್ನೈನ ಪರೀಕ್ಷಾ ಕೋಣೆ ತಲುಪಿದ ಮೇಲೆಯೇ. ಅಲ್ಲಿ ಫೇಲಾದರೆ ನಾಯ್ಸ್ ತಡೆಯಲು ತಂತಿಗೆ ಫೆರೈಟ್ ಮಣಿ ಸಿಕ್ಕಿಸುವುದಷ್ಟೇ ಉಳಿಯುತ್ತದೆ. ಪಿಸಿಬಿ (ಸರ್ಕ್ಯೂಟ್ ಬೋರ್ಡ್) ಆರ್ಡರ್ ಮಾಡುವ ಮೊದಲೇ ಕಂಪ್ಯೂಟರಿನಲ್ಲಿ ಸಿಮ್ಯುಲೇಶನ್ ಮಾಡಬಹುದು. ಅದಕ್ಕೆ ಬೇಕಾದ ಎಲ್‌ಟಿಸ್ಪೈಸ್ ತಂತ್ರಾಂಶ ಉಚಿತವಾಗಿಯೇ ಸಿಗುತ್ತದೆ.

ಆದರೆ ಬರಿ ಸ್ಕೀಮ್ಯಾಟಿಕ್ (ಸರ್ಕ್ಯೂಟಿನ ನಕ್ಷೆ) ಬರೆದು ಓಡಿಸಿದರೆ ಎಲ್ಲವೂ ಪಾಸಾದಂತೆ ಕಾಣುತ್ತದೆ. ನಾಯ್ಸ್ ಹರಿಯುವುದು ಸ್ಕೀಮ್ಯಾಟಿಕ್‌ನಲ್ಲಿ ಇಲ್ಲದ ದಾರಿಗಳಲ್ಲಿ. ಕರೆಂಟನ್ನು ವೇಗವಾಗಿ ಸ್ವಿಚ್ ಮಾಡುವ ಮಾಸ್‌ಫೆಟ್‌ಗೂ ಅದರ ಬಿಸಿ ಹೀರುವ ಹೀಟ್‌ಸಿಂಕಿಗೂ ನಡುವಿನ ತೆಳು ಪ್ಯಾಡನ್ನೇ ನೋಡಿ. ಅದೂ ಒಂದು ಕೆಪಾಸಿಟರ್, ಸುಮಾರು 50 ಪಿಕೋಫ್ಯಾರಡ್. 325 ವೋಲ್ಟ್ 50 ನ್ಯಾನೊಸೆಕೆಂಡಿನಲ್ಲಿ ಏರಿದರೆ ಅದರ ಮೂಲಕ 0.3 ಆಂಪಿಯರಿಗೂ ಮಿಕ್ಕಿ ಅರ್ತಿಂಗ್‌ಗೆ ಹಾರುತ್ತದೆ. 65 ಕಿಲೋಹರ್ಟ್ಸ್ ಸ್ವಿಚಿಂಗ್‌ನಲ್ಲಿ ಇದು ಒಂದೊಂದು ಹಾರ್ಮೋನಿಕ್‌ಗೆ (ಆ ಆವರ್ತನದ ಒಂದೊಂದು ಗುಣಕಕ್ಕೆ) 2 ಮಿಲಿಆಂಪಿಯರ್ ಸಮೀಪ ಬರುತ್ತದೆ. ಮನೆಬಳಕೆಯ ಉಪಕರಣಕ್ಕೆ 500 ಕಿಲೋಹರ್ಟ್ಸ್‌ನಿಂದ 5 ಮೆಗಾಹರ್ಟ್ಸ್ ತನಕ ಇರುವ 56 ಡೆಸಿಬೆಲ್ ಮೈಕ್ರೋವೋಲ್ಟ್ (ಸುಮಾರು 630 ಮೈಕ್ರೋವೋಲ್ಟ್) ನಾಯ್ಸ್ ಮಿತಿ ಎಂದರೆ, ಪರೀಕ್ಷೆಯಲ್ಲಿ ಅಳೆಯುವ 50 ಓಮ್ ಮೇಲೆ ಕೇವಲ 13 ಮೈಕ್ರೋಆಂಪಿಯರ್! ಹೀಟ್‌ಸಿಂಕನ್ನು ಅರ್ತ್‌ಗೆ ಕಟ್ಟದೆ ಡಿಸಿ ಬಸ್ಸಿನ (ಬೋರ್ಡಿನೊಳಗಿನ ಡಿಸಿ ಪೂರೈಕೆಯ) ನೆಗೆಟಿವ್‌ಗೆ ಕಟ್ಟಿದರೆ ಆ ಕರೆಂಟಿನ ಹೆಚ್ಚು ಪಾಲು ಬೋರ್ಡಿನೊಳಗೇ ಸುತ್ತಿ ಮುಗಿಯುತ್ತದೆ. ಆಗ ಹೀಟ್‌ಸಿಂಕಿಗೆ ಮೇನ್ಸ್ ಸಂಪರ್ಕ ಇರುತ್ತದಾದ್ದರಿಂದ ಕೈಗೆ ತಾಗದಂತೆ ಮುಚ್ಚಲೇಬೇಕು.

ಹಾಗೆಯೇ 100 ನ್ಯಾನೊಫ್ಯಾರಡ್ ಕೆಪಾಸಿಟರಿನ ಕಾಲುಗಳಲ್ಲಿ 10 ನ್ಯಾನೊಹೆನ್ರಿ ಇದ್ದರೆ, 5 ಮೆಗಾಹರ್ಟ್ಸ್ ದಾಟಿದ ಮೇಲೆ ಅದು ಇಂಡಕ್ಟರಿನಂತೆ ವರ್ತಿಸುತ್ತದೆ. ಮಾಡೆಲ್‌ನಲ್ಲಿ ಅದನ್ನೂ ಸೇರಿಸಬೇಕು. ಎಸಿ ಒಳಬರುವಲ್ಲಿ ಲೈನ್, ನ್ಯೂಟ್ರಲ್ ಎರಡಕ್ಕೂ 50 ಮೈಕ್ರೋಹೆನ್ರಿ, 50 ಓಮಿನ ಲಿಸ್ನ್ (ಮೇನ್ಸ್ ಕಡೆಗೆ ಹೋಗುವ ನಾಯ್ಸ್ ಅಳೆಯುವ ಜಾಲ) ಇಟ್ಟು, ಆ 50 ಓಮ್ ಮೇಲಿನ ವೋಲ್ಟೇಜಿನ ಎಫ್‌ಎಫ್‌ಟಿ, ಅಂದರೆ ಆವರ್ತನವಾರು ವಿಂಗಡಣೆ, ತೆಗೆಯಬೇಕು. ಇಲ್ಲಿ ಎಡವುವವರು ಬಹಳ. ಪರೀಕ್ಷಾ ರಿಸೀವರಿನ ಬ್ಯಾಂಡ್‌ವಿಡ್ತ್ 9 ಕಿಲೋಹರ್ಟ್ಸ್, ಆದ್ದರಿಂದ ಕನಿಷ್ಠ 111 ಮೈಕ್ರೋಸೆಕೆಂಡಿನ ವೇವ್‌ಫಾರ್ಮ್ ಬೇಕು. 20 ಮೈಕ್ರೋಸೆಕೆಂಡಿಗೆ ನಿಲ್ಲಿಸಿದರೆ 50 ಕಿಲೋಹರ್ಟ್ಸ್‌ಗಿಂತ ಹತ್ತಿರದ ಗೆರೆಗಳು ಬೇರೆ ಬೇರೆಯಾಗಿ ಕಾಣುವುದಿಲ್ಲ. ಎಲ್‌ಟಿಸ್ಪೈಸ್ ತಾನಾಗಿಯೇ ವೇವ್‌ಫಾರ್ಮನ್ನು ಕುಗ್ಗಿಸಿ ಉಳಿಸುವುದರಿಂದ ಅದನ್ನು ನಿಲ್ಲಿಸಲು ಪ್ಲಾಟ್‌ವಿನ್‌ಸೈಜ್ ಎಂಬ ಆಯ್ಕೆಯನ್ನು ಸೊನ್ನೆ ಮಾಡಿ, ಟೈಮ್‌ಸ್ಟೆಪ್ (ಲೆಕ್ಕದ ಒಂದೊಂದು ಹೆಜ್ಜೆ) 1–2 ನ್ಯಾನೊಸೆಕೆಂಡಿಗೆ ಕಟ್ಟಿಹಾಕಬೇಕು. ಇಲ್ಲವಾದರೆ ನಿಜದಲ್ಲಿ ಇಲ್ಲದ ನಾಯ್ಸ್ ಎಫ್‌ಎಫ್‌ಟಿಯಲ್ಲಿ ಏಳುತ್ತದೆ.

ಗಾಳಿಯಲ್ಲಿ ಹರಡುವ ನಾಯ್ಸನ್ನು ಇಷ್ಟು ಸುಲಭದಲ್ಲಿ ಹಿಡಿಯಲಾಗದು. ಒಂದು ಮೀಟರ್ ಕೇಬಲ್‌ನಲ್ಲಿ 50 ಮೆಗಾಹರ್ಟ್ಸ್‌ನ 5 ಮೈಕ್ರೋಆಂಪಿಯರ್ ಕಾಮನ್ ಮೋಡ್ ಕರೆಂಟ್ (ಎಲ್ಲ ತಂತಿಗಳಲ್ಲೂ ಒಂದೇ ದಿಕ್ಕಿಗೆ ಹರಿಯುವುದು) ಇದ್ದರೂ ಸಾಕು, 3 ಮೀಟರ್ ದೂರದಲ್ಲಿ ಮಿತಿ ಮುಟ್ಟುತ್ತದೆ. ಪೆಟ್ಟಿಗೆಯ ಸೀಳು, ಕೇಬಲ್ ಎರಡನ್ನೂ ಸೇರಿಸಿ ನೋಡಲು ಓಪನ್‌ಇಎಂಎಸ್‌ನಂಥ ಉಚಿತ ತಂತ್ರಾಂಶ ಇದೆ, ಆದರೆ ಸೀಳಿನ ಹತ್ತಿರ ಲೆಕ್ಕಕ್ಕೆ ಬಳಸುವ ಜಾಲರಿ ಸಣ್ಣದಾದಷ್ಟೂ ಟೈಮ್‌ಸ್ಟೆಪ್ ಕಿರಿದಾಗಿ ಗಂಟೆಗಟ್ಟಲೆ ಓಡುತ್ತದೆ.

ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತಂದ ಎಷ್ಟೋ ಚೋಕ್‌ಗಳಿಗೆ (ನಾಯ್ಸ್ ತಡೆಯುವ ಸುರುಳಿಗಳಿಗೆ) ಡೇಟಾಶೀಟೇ ಇರುವುದಿಲ್ಲ. ಅಂಥವನ್ನು ನ್ಯಾನೊವಿಎನ್‌ಎ ಎಂಬ ಪುಟ್ಟ ಅಳತೆ ಸಾಧನದಲ್ಲಿ ಅಳೆದು, ಸಿಕ್ಕ ಇಂಪಿಡೆನ್ಸನ್ನು ಮಾಡೆಲಿಗೆ ಹಾಕಬೇಕು. ಹೊಸೂರಿನ ಉದ್ಯಮಿಗಳ ಸಂಘಟನೆಗಳು ಹತ್ತಿರದ ಪಾಲಿಟೆಕ್ನಿಕ್ ಜೊತೆ ಸೇರಿ ಎರಡು ಲಿಸ್ನ್, ಒಂದು ಸ್ಪೆಕ್ಟ್ರಮ್ ಅನಲೈಸರ್ ಇರುವ ಮೇಜೊಂದನ್ನು ಎಲ್ಲ ಘಟಕಗಳಿಗೂ ತೆರೆದಿಡಲಿ, ಅಳೆದ ಚೋಕ್‌ಗಳ ಮಾಡೆಲ್ ಫೈಲುಗಳನ್ನು ಹಂಚಿಕೊಳ್ಳಲಿ. ತಳಿ, ಡೆಂಕಣಿಕೋಟೆ ಕಡೆಯಿಂದ ಕೆಲಸಕ್ಕೆ ಬರುವ ನಮ್ಮ ಹುಡುಗ ಹುಡುಗಿಯರಿಗೆ ಅದನ್ನು ಕನ್ನಡದಲ್ಲೇ ಕಲಿಸಲು ನಾವು ಸಿದ್ಧರಿದ್ದೇವೆ.

— ಪವರ್ ಎಲೆಕ್ಟ್ರಾನಿಕ್ಸ್ ವಿನ್ಯಾಸಕರು, ಹೊಸೂರು, ಕೃಷ್ಣಗಿರಿ ಜಿಲ್ಲೆ