116ನೇ ಬೀದಿಯಿಂದ ಗೆಳೆಯನಿಗೊಂದು ಪತ್ರ

ಪ್ರೀತಿಯ ಶಿವು,

ಹೋದ ಭಾನುವಾರ ಫೋನಿನಲ್ಲಿ ನೀನು ಕೇಳಿದ್ದಕ್ಕೆ ನಾನು ಸರಿಯಾಗಿ ಉತ್ತರ ಕೊಡಲಿಲ್ಲ. ಬಾಯಿಗೆ ಬಂದದ್ದು ಹೇಳಿ ಫೋನ್ ಇಟ್ಟೆ. ಆಮೇಲೆ ರಾತ್ರಿಯೆಲ್ಲ ತಲೆಯಲ್ಲಿ ಅದೇ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಓದು.

ನೀನು ಹೇಳಿದ್ದು ಇಷ್ಟು. ಸ್ಕಾಟ್ಲೆಂಡಿನಿಂದ ಬಂದವರ ಮಕ್ಕಳು, ಮೊಮ್ಮಕ್ಕಳು ಅಮೆರಿಕದಲ್ಲಿ, ಕೆನಡಾದಲ್ಲಿ ಬ್ಯಾಂಕು, ರೈಲು, ಕಾಲೇಜು ಕಟ್ಟಿದರು. ಪಶ್ಚಿಮ ಆಫ್ರಿಕಾದ ಸೆನೆಗಲ್‌ನಿಂದ ಬಂದವರು ಇನ್ನೂ ಫುಟ್‌ಪಾತಿನಲ್ಲಿ ಬ್ಯಾಗು ಮಾರುತ್ತಿದ್ದಾರೆ. ಯಾವ ಮೂಲದವರ ಆದಾಯ ಎಷ್ಟು ಅನ್ನುವ ಒಂದು ಚಾರ್ಟಿನ ಮಾತನ್ನೂ ತೆಗೆದೆ. ದುಡಿಮೆ, ಕೂಡಿ ಬಾಳುವ ಗುಣ ಅನ್ನೋದು ಕೆಲವರ ರಕ್ತದಲ್ಲೇ ಇರುತ್ತದೆ ಅಲ್ವಾ, ಅಂತ ಕೇಳಿದೆ. ಕೆಟ್ಟ ಮನಸ್ಸಿನಿಂದ ಕೇಳಲಿಲ್ಲ ಅಂತ ನನಗೆ ಗೊತ್ತು. ಆದರೆ ಆರು ವರ್ಷದಿಂದ ನಾನು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ, 116ನೇ ಬೀದಿಯ ಪಕ್ಕದಲ್ಲೇ ಇದ್ದೇನೆ. ಆ ಮಾತು ನನಗೆ ಚುಚ್ಚಿತು ಮಾರಾಯ.

ಈ ಬೀದಿಗೆ ಜನ ಪುಟ್ಟ ಸೆನೆಗಲ್ ಅನ್ನುತ್ತಾರೆ. ಹೆಚ್ಚು ದೊಡ್ಡದೇನಲ್ಲ. ಕೂದಲು ಹೆಣೆಯುವ ಅಂಗಡಿಗಳು, ಊರಿಗೆ ದುಡ್ಡು ಕಳಿಸುವ ಕೌಂಟರುಗಳು, ಬಟ್ಟೆ ಹೊಲಿಯುವವರು. ಮಧ್ಯಾಹ್ನವಾದರೆ ಚೆಬುಜೆನ್ ವಾಸನೆ. ಅದು ಅವರ ಮೀನು ಅನ್ನ, ಟೊಮೇಟೊ ಹಾಕಿ ಒಂದೇ ಪಾತ್ರೆಯಲ್ಲಿ ಬೇಯಿಸುತ್ತಾರೆ. ನನ್ನ ಮನೆಯಿಂದ ಇಳಿದು ಮೂಲೆ ತಿರುಗಿದರೆ ಒಬ್ಬರು ಮೇಜು ಹಾಕಿಕೊಂಡು ಟೋಪಿ, ಬ್ಯಾಗು, ಫೋನ್ ಕವರು ಮಾರುತ್ತಾರೆ. ಮಳೆ ಹನಿ ಬಿದ್ದ ಕೂಡಲೇ ಅದೇ ಮೇಜಿನ ಮೇಲೆ ಛತ್ರಿಗಳು. ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಮೊದಲೇ ಬಂದಿರುತ್ತಾರೆ. ರಾತ್ರಿ ನಾನು ಬಂದ ಮೇಲೂ ಇರುತ್ತಾರೆ. ಈ ಮನುಷ್ಯನ ರಕ್ತದಲ್ಲಿ ದುಡಿಮೆ ಇಲ್ಲ ಅಂತ ನಾನು ಹೇಗೆ ಒಪ್ಪಲಿ?

ಅವರದು ಸೆನೆಗಲ್‌ನ ಜೂರ್ಬೆಲ್ ಕಡೆ. ಅಪ್ಪ ಕಡಲೆಕಾಯಿ ಬೆಳೆಯುತ್ತಿದ್ದರಂತೆ. ಅಲ್ಲಿ ಆಳುತ್ತಿದ್ದ ಫ್ರೆಂಚರು ಆ ಸೀಮೆಯನ್ನೆಲ್ಲ ಕಡಲೆಕಾಯಿಯ ಹೊಲ ಮಾಡಿಬಿಟ್ಟಿದ್ದರು. 1970ರ ದಶಕದ ಬರಗಾಲ ಆ ಹೊಲಗಳ ಬೆನ್ನು ಮುರಿಯಿತು. ಆಮೇಲೆ 1994ರ ಜನವರಿಯಲ್ಲಿ ಅವರ ನಾಣ್ಯದ ಬೆಲೆ ಒಂದೇ ಏಟಿಗೆ ಅರ್ಧ ಆಯಿತು. ಒಂದು ಫ್ರೆಂಚ್ ಫ್ರಾಂಕಿಗೆ 50 ಸೀಫಾ ಫ್ರಾಂಕ್ ಇದ್ದದ್ದು 100 ಆಯಿತು. ಗಂಟಿನಲ್ಲಿ ಕಟ್ಟಿಟ್ಟ ದುಡ್ಡು ರಾತ್ರಿ ಬೆಳಗಾಗುವುದರೊಳಗೆ ಅರ್ಧ ಆದರೆ ಯಾರು ತಾನೇ ಊರಲ್ಲಿ ನಿಲ್ಲುತ್ತಾರೆ?

ಅವರು ಇಲ್ಲಿಗೆ ಬಂದ ವರ್ಷವೇ, 1994ರ ಅಕ್ಟೋಬರಿನಲ್ಲಿ, ನಗರದ ಮೇಯರ್ ಗಿಯುಲಿಯಾನಿ 125ನೇ ಬೀದಿಯ ವ್ಯಾಪಾರಿಗಳನ್ನೆಲ್ಲ ಪೊಲೀಸರನ್ನಿಟ್ಟು ಎಬ್ಬಿಸಿದರು. ಅದರಲ್ಲಿ ಪಶ್ಚಿಮ ಆಫ್ರಿಕಾದವರು ತುಂಬ ಜನ. ಒಂದಷ್ಟು ಮಂದಿ ಈ 116ನೇ ಬೀದಿಯ ಮಾರುಕಟ್ಟೆಗೆ ಬಂದರು. ಇಲ್ಲಿನ ಮಸೀದಿಯೇ ಅದನ್ನು ನೋಡಿಕೊಳ್ಳುತ್ತಿತ್ತು. ಇನ್ನೊಂದು ವಿಷಯ ಕೇಳು. ಈ ನಗರದಲ್ಲಿ ಬೀದಿಯಲ್ಲಿ ಸಾಮಾನು ಮಾರಲು ಲೈಸೆನ್ಸ್ ಬೇಕು. ಸೈನ್ಯದಲ್ಲಿ ಇದ್ದು ಬಂದವರನ್ನು ಬಿಟ್ಟರೆ ಉಳಿದವರಿಗೆಲ್ಲ ಸೇರಿ ಇಟ್ಟಿದ್ದು ಬರೀ 853. 1979ರಲ್ಲಿ ಕಟ್ಟಿದ ಮಿತಿ ಅದು. ದಶಕಗಟ್ಟಲೆ ಅದು ಕದಲಲಿಲ್ಲ. ಎಂಬತ್ತು ಲಕ್ಷ ಜನರ ಊರಿನಲ್ಲಿ 853! ಲೈಸೆನ್ಸ್ ಇಲ್ಲದೆ ಮಾರಿದರೆ ದಂಡ, ಸಾಮಾನು ಜಪ್ತಿ. ಅಂದರೆ ಒಬ್ಬ ಮನುಷ್ಯ ಬದುಕಲು ಹುಡುಕಿಕೊಂಡ ಮೊದಲ ಮೆಟ್ಟಿಲೇ ಕಾನೂನಿನ ಕಣ್ಣಲ್ಲಿ ತಪ್ಪು.

ಈಗ ಸ್ಕಾಟ್ಲೆಂಡಿನವರ ಕಡೆ ಬರೋಣ. ಉಕ್ಕಿನ ದೊರೆ ಆಂಡ್ರೂ ಕಾರ್ನೆಗಿಯ ಹೆಸರು ನೀನೇ ಎತ್ತಿದೆ. ಅವನ ಕತೆಯನ್ನೇ ನಿಧಾನವಾಗಿ ನೋಡು. ಅಪ್ಪ ಡನ್‌ಫರ್ಮ್ಲಿನ್ ಊರಿನ ಕೈಮಗ್ಗದ ನೇಕಾರ. ಉಗಿಯಂತ್ರದ ಮಗ್ಗ ಬಂತು, ಕೆಲಸ ಹೋಯಿತು. 1848ರಲ್ಲಿ ಹಡಗು ಹತ್ತಲು ಅಮ್ಮನ ಗೆಳತಿಯೊಬ್ಬರ ಹತ್ತಿರ 20 ಪೌಂಡ್ ಸಾಲ ಮಾಡಬೇಕಾಯಿತು. ಪಿಟ್ಸ್‌ಬರ್ಗಿನ ಪಕ್ಕದ ಅಲಿಗೇನಿಯಲ್ಲಿ ಚಿಕ್ಕಮ್ಮಂದಿರು ಮೊದಲೇ ಇದ್ದರು. ಅವರ ಆಸರೆಯಲ್ಲಿ ಇಳಿದುಕೊಂಡರು. ಹುಡುಗನಿಗೆ ಮೊದಲ ಕೆಲಸ ಸಿಕ್ಕಿದ್ದು ಒಬ್ಬ ಸ್ಕಾಟ್‌ನ ಹತ್ತಿ ಗಿರಣಿಯಲ್ಲಿ, ವಾರಕ್ಕೆ ಒಂದು ಡಾಲರ್ 20 ಸೆಂಟು. ಅಮ್ಮ ರಾತ್ರಿ ಕೂತು ಚಪ್ಪಲಿ, ಬೂಟು ಹೊಲಿಯುತ್ತಿದ್ದಳು. ಯಂತ್ರ ಹೊಟ್ಟೆಗೆ ಹೊಡೆದದ್ದು, ಸಾಲದ ದುಡ್ಡು, ನೆಂಟರ ಮನೆ, ಊರವರ ಮೂಲಕ ಸಿಕ್ಕ ಕೆಲಸ. ನಮ್ಮ ಮೂಲೆಯ ವ್ಯಾಪಾರಿಯ ಕತೆಗೂ ಇದಕ್ಕೂ ಇಲ್ಲಿಯವರೆಗೆ ನನಗೆ ವ್ಯತ್ಯಾಸವೇ ಕಾಣುವುದಿಲ್ಲ.

ವ್ಯತ್ಯಾಸ ಇರುವುದು ಮುಂದೆ. ಆ ಹುಡುಗನನ್ನು ಯಾರೂ ವೀಸಾ ಕೇಳಲಿಲ್ಲ. 1790ರ ಕಾನೂನಿನ ಪ್ರಕಾರ ವಲಸೆ ಬಂದವರು ಅಮೆರಿಕದ ಪ್ರಜೆ ಆಗಬೇಕಾದರೆ ಬಿಳಿಯರಾಗಿರಬೇಕಿತ್ತು, ಅವರು ಬಿಳಿಯರೇ ಆಗಿದ್ದರು. ಆಫ್ರಿಕಾದವರಿಗೆ ಆ ಬಾಗಿಲು ತೆರೆದಿದ್ದು 1870ರಲ್ಲಿ. ಊರಿನ ಆಂಡರ್ಸನ್ ಅನ್ನುವ ದೊಡ್ಡ ಮನುಷ್ಯರು ತಮ್ಮ ಪುಸ್ತಕಗಳನ್ನು ದುಡಿಯುವ ಹುಡುಗರಿಗೆ ಓದಲು ಕೊಡುತ್ತಿದ್ದರು, ಇವನಿಗೂ ಸಿಕ್ಕಿತು. ಅವನು ಬುದ್ಧಿವಂತ, ಹಟಮಾರಿ ದುಡಿಮೆಗಾರ. ಅದನ್ನು ನಾನು ಅಲ್ಲಗಳೆಯುವುದಿಲ್ಲ. 1901ರಲ್ಲಿ ತನ್ನ ಉಕ್ಕಿನ ಕಂಪನಿಯನ್ನು 48 ಕೋಟಿ ಡಾಲರಿಗೆ ಮಾರಿದ. ಆದರೆ ಪ್ರತಿ ಮೆಟ್ಟಿಲಲ್ಲೂ ಬಾಗಿಲು ತೆರೆದಿತ್ತು ಅನ್ನೋದನ್ನು ಮರೆತು ಬರೀ ಹಟದ ಬಗ್ಗೆ ಮಾತಾಡಿದರೆ ಅರ್ಧ ಕತೆ ಹೇಳಿದ ಹಾಗೆ.

ಕೆನಡಾದ್ದೂ ಇದೇ. ಸ್ಕಾಟ್ಲೆಂಡಿನ ಉತ್ತರದ ಗುಡ್ಡಗಾಡಿನಲ್ಲಿ ಜಮೀನುದಾರರು ಕುರಿ ಸಾಕುವುದಕ್ಕೆ ಒಕ್ಕಲುಗಳನ್ನೇ ಎಬ್ಬಿಸಿ ಓಡಿಸಿದರು. ಖಾಲಿ ಮಾಡಿಸಿದ ಮನೆಗಳಿಗೆ ಬೆಂಕಿಯೂ ಬಿತ್ತು. ಆ ನೋವು ಸಣ್ಣದಲ್ಲ. ಆದರೆ ಸಮುದ್ರ ದಾಟಿದವರಿಗೆ ನೆಲ ಸಿಕ್ಕಿತು. 1872ರ ಕಾನೂನಿನಲ್ಲಿ ಹತ್ತು ಡಾಲರ್ ಕಟ್ಟಿದರೆ 160 ಎಕರೆ! ಅದು ಅಲ್ಲಿನ ಮೂಲ ನಿವಾಸಿಗಳ ನೆಲ ಅನ್ನುವುದು ಬೇರೆ ದುಃಖ. ಅಷ್ಟು ಹೊತ್ತಿಗೆ ದೇಶದ ಮೊದಲ ಪ್ರಧಾನಿ ಮ್ಯಾಕ್‌ಡೊನಾಲ್ಡ್ ಗ್ಲಾಸ್ಗೋದಲ್ಲಿ ಹುಟ್ಟಿದವರು. ಎರಡನೆಯ ಪ್ರಧಾನಿ ಮೆಕೆಂಜಿ, ಕಲ್ಲುಕುಟಿಗರಾಗಿದ್ದವರು, ಅವರೂ ಸ್ಕಾಟ್. ಕಾನೂನು ಮಾಡುವವರೇ ನಿನ್ನ ಊರಿನವರಾದರೆ ಎಷ್ಟು ಸಲೀಸು ಯೋಚಿಸು.

ನೀನು ಕೈಫಿಯತ್ತುಗಳನ್ನು, ಅಂದರೆ ಊರುಗಳ ಹಳೆಯ ಚರಿತ್ರೆಗಳನ್ನು, ಓದುವವನು. ನಮ್ಮ ಊರೂರಿನ ಕೈಫಿಯತ್ತು ಬರೆಸಿದ ಕಾಲಿನ್ ಮೆಕೆಂಜಿ ಎಲ್ಲಿಯವನು? ಲೂಯಿಸ್ ದ್ವೀಪದ ಸ್ಟೋರ್ನೋವೇ. ಗಾಳಿಗೆ ಮರವೂ ಸರಿಯಾಗಿ ಬೆಳೆಯದ ಜಾಗ. 1783ರಲ್ಲಿ ಮದ್ರಾಸಿಗೆ ಬಂದ, ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೇ ಮಾಡಿದ, ಕೊನೆಗೆ ಇಡೀ ಹಿಂದೂಸ್ತಾನದ ಮೊದಲ ಸರ್ವೇಯರ್ ಜನರಲ್ ಆದ. ಪ್ರತಿಭೆ ಇತ್ತು, ನಿಜ. ಅದರ ಜೊತೆಗೆ ಸಾಮ್ರಾಜ್ಯ ಅನ್ನುವ ಏಣಿಯೂ ಇತ್ತು. ಸೆನೆಗಲ್ ಹುಡುಗರಿಗೆ ಸಾಮ್ರಾಜ್ಯ ಕೊಟ್ಟದ್ದು ಬಂದೂಕು. ಮೊದಲ ಮಹಾಯುದ್ಧಕ್ಕೆ ಫ್ರಾನ್ಸ್ ಅವರನ್ನು ಕಂದಕಗಳಿಗೆ ಕಳಿಸಿತು. ಎರಡನೆಯದರಲ್ಲಿ ಹೋರಾಡಿ, ಜರ್ಮನರ ಸೆರೆಯಿಂದ ಬಿಡಿಸಿಕೊಂಡು ಬಂದವರು ಬಾಕಿ ಸಂಬಳ ಕೇಳಿದ್ದಕ್ಕೆ 1944ರ ಡಿಸೆಂಬರ್ 1ರಂದು ಡಾಕರ್ ಹತ್ತಿರದ ತಿಯರೋಯ್ ಶಿಬಿರದಲ್ಲಿ ಅದೇ ಫ್ರೆಂಚ್ ಸೇನೆ ಅವರ ಮೇಲೆ ಗುಂಡು ಹಾರಿಸಿತು.

ಇನ್ನೊಂದು ಮಾತು. ಇದು ನನ್ನನ್ನು ತುಂಬ ಕಾಡುತ್ತದೆ. ಸ್ಕಾಟಿಷ್ ಮೂಲದವರು ಅಂತ ನಾವು ಎಣಿಸುವುದು ಯಾರನ್ನು? ಜನಗಣತಿಯ ಫಾರಂನಲ್ಲಿ ಯಾರು ಹಾಗೆ ಬರೆಯುತ್ತಾರೋ ಅವರನ್ನು. ಕೆನಡಾದಲ್ಲಿ 2016ರಲ್ಲಿ ಸುಮಾರು 48 ಲಕ್ಷ ಜನ ಹಾಗೆ ಬರೆದರು. 2021ರಲ್ಲಿ 44 ಲಕ್ಷ. ಐದು ವರ್ಷದಲ್ಲಿ ನಾಲ್ಕು ಲಕ್ಷ ಜನ ಮಾಯವಾಗಲಿಲ್ಲ. ಬರೆಯುವುದು ಬದಲಾಯಿತು, ಅಷ್ಟೇ. ಅಮೆರಿಕದ ಅಪಲೇಶಿಯನ್ ಗುಡ್ಡಗಳಲ್ಲಿ ಸ್ಕಾಟ್ಲೆಂಡಿನಿಂದ ಐರ್ಲೆಂಡಿಗೆ, ಅಲ್ಲಿಂದ ಇಲ್ಲಿಗೆ ಬಂದವರ ಸಂತತಿ ಇದೆ. ಕಲ್ಲಿದ್ದಲ ಗಣಿ, ಬಡತನ, ಮುಚ್ಚಿದ ಆಸ್ಪತ್ರೆಗಳು. ಅಲ್ಲಿ ತುಂಬ ಜನ ಮೂಲ ಕೇಳಿದರೆ ಸುಮ್ನೆ ಅಮೆರಿಕನ್ ಅಂತ ಬರೆಯುತ್ತಾರೆ. ಹಾಗಾಗಿ ಬಡವರು ಆ ಪಟ್ಟಿಯಿಂದ ತಾವಾಗಿಯೇ ಜಾರಿಹೋಗುತ್ತಾರೆ. ಉಳಿದ ಪಟ್ಟಿ ಚೆನ್ನಾಗಿಯೇ ಕಾಣುತ್ತದೆ.

ಜಮೈಕಾ ದ್ವೀಪಕ್ಕೆ ಹೋಗು, ಕ್ಯಾಂಪ್‌ಬೆಲ್ ಅನ್ನುವ ಹೆಸರು ಬೀದಿ ಬೀದಿಯಲ್ಲಿ ಸಿಗುತ್ತದೆ. ಅಲ್ಲಿ ಸಕ್ಕರೆ ತೋಟ ಇಟ್ಟುಕೊಂಡಿದ್ದ ಸ್ಕಾಟರ ಹೆಸರು ಅವು. ರಾಬರ್ಟ್ ವೆಡರ್‌ಬರ್ನ್ ಅಂತ ಒಬ್ಬರಿದ್ದರು. 1762ರಲ್ಲಿ ಜಮೈಕಾದಲ್ಲಿ ಹುಟ್ಟಿದವರು. ಅಪ್ಪ ಸ್ಕಾಟ್ ತೋಟದ ಯಜಮಾನ, ಅಮ್ಮ ಗುಲಾಮಳಾಗಿದ್ದ ರೋಸನ್ನಾ. ದೊಡ್ಡವನಾದ ಮೇಲೆ ಕಷ್ಟಕಾಲದಲ್ಲಿ ಅಪ್ಪನನ್ನು ಹುಡುಕಿಕೊಂಡು ಎಡಿನ್‌ಬರೋ ಹತ್ತಿರದ ಇನ್ವರೆಸ್ಕ್‌ಗೆ ಹೋದರು. ಅಪ್ಪ ಸೋಮಾರಿ ಅಂತ ಬೈದು, ನಿನಗೆ ಏನೂ ಮಾಡುವುದಿಲ್ಲ ಅಂದ. ಅಡುಗೆಯವಳು ಒಂದು ಲೋಟ ತೆಳು ಬಿಯರ್ ಕೊಟ್ಟಳು. ಆಳು ಒಂದು ಒಡಕು ಆರು ಪೆನ್ನಿ ನಾಣ್ಯ ಕೈಗಿಟ್ಟ. ಇದನ್ನು ಅವರೇ ಬರೆದಿಟ್ಟಿದ್ದಾರೆ. ಹೇಳು ಶಿವು, ಅವರು ಸ್ಕಾಟಿಷ್ ಮೂಲದವರು ಹೌದೋ ಅಲ್ಲವೋ? ಅವರ ವಂಶದವರ ಆದಾಯವನ್ನು ನಿನ್ನ ಆ ಚಾರ್ಟು ಯಾವ ಸಾಲಿನಲ್ಲಿ ಸೇರಿಸುತ್ತದೆ?

ಗುಣದ ವಿಷಯಕ್ಕೆ ಬಂದರೆ, ಫ್ರಾನ್ಸಿನಲ್ಲಿ 2009ರಲ್ಲಿ ಸಂಶೋಧಕರು ಒಂದು ಪರೀಕ್ಷೆ ಮಾಡಿದರು. ಸೆನೆಗಲ್‌ನ ಸೆರೇರ್, ಜೋಲಾ ಅನ್ನುವ ಎರಡು ಜನಾಂಗಗಳಲ್ಲಿ ಕ್ರೈಸ್ತರೂ ಇದ್ದಾರೆ, ಮುಸ್ಲಿಮರೂ ಇದ್ದಾರೆ. ಎರಡೂ ಕಡೆಯವರು ಸುಮಾರು ಒಂದೇ ಕಾಲದಲ್ಲಿ, ಒಂದೇ ಸ್ಥಿತಿಯಲ್ಲಿ ಫ್ರಾನ್ಸಿಗೆ ಬಂದರು. ಸಂಶೋಧಕರು ಕೆಲಸಕ್ಕೆ ಒಂದೇ ಥರದ ಅರ್ಜಿಗಳನ್ನು ಕಳಿಸಿದರು. ಒಂದರಲ್ಲಿ ಮರೀ ದಿಯೂಫ್, ಇನ್ನೊಂದರಲ್ಲಿ ಖದೀಜಾ ದಿಯೂಫ್. ಇಬ್ಬರೂ ಸೆನೆಗಲ್ ಮೂಲದವರು ಅನ್ನುವುದು ಮನೆತನದ ಹೆಸರಿನಲ್ಲೇ ಗೊತ್ತಾಗುತ್ತದೆ. ಓದು ಅದೇ, ಅನುಭವ ಅಷ್ಟೇ. ಮರೀಗೆ ನೂರಕ್ಕೆ 21 ಕಡೆಯಿಂದ ಕರೆ ಬಂತು. ಖದೀಜಾಗೆ 8 ಕಡೆಯಿಂದ. ಎರಡೂ ಧರ್ಮದ ಮನೆಗಳನ್ನು ಹೋಲಿಸಿ ನೋಡಿದರೆ, ಮುಸ್ಲಿಮರ ಮನೆಗೆ ತಿಂಗಳಿಗೆ ಸುಮಾರು 400 ಯೂರೋ ಕಡಿಮೆ ಬರುತ್ತಿತ್ತು. ಒಂದೇ ಊರು, ಒಂದೇ ಜನ, ಒಂದೇ ರಕ್ತ. ರಕ್ತದ ಮಾತು ಇಲ್ಲಿ ಎಲ್ಲಿ ನಿಲ್ಲುತ್ತದೆ? ನಾನು ಈ ಅಂಕಿ ಮೊದಲ ಸಲ ನೋಡಿದ ದಿನ ಊಟ ಸೇರಲಿಲ್ಲ.

ಕೂಡಿ ಬಾಳುವ ಗುಣ ಬೇಕು ಅಂದೆಯಲ್ಲ, ಅದನ್ನೂ ನೋಡು. 1650ರ ಡನ್‌ಬಾರ್ ಯುದ್ಧದಲ್ಲಿ ಸೋತ ಸ್ಕಾಟ್ ಸೈನಿಕರನ್ನು ಕೈದಿಗಳಾಗಿ ಅಮೆರಿಕಕ್ಕೆ ಸಾಗಿಸಿದ್ದರು. ಅವರ ಕಾಲದಲ್ಲೇ, 1657ರಲ್ಲಿ, ಬಾಸ್ಟನ್ನಿನ ಸ್ಕಾಟರು ತಮ್ಮವರ ಕಷ್ಟಕ್ಕೆ ಅಂತ ಚಂದಾ ಎತ್ತಿ ಒಂದು ಸಂಘ ಕಟ್ಟಿದರು. ಅದು ಇವತ್ತಿಗೂ ಇದೆ. ಇಲ್ಲಿ ನಮ್ಮ ಬೀದಿಯವರದು ದಾಹಿರಾ ಅನ್ನುವ ಸಂಘ. ಅವರಲ್ಲಿ ತುಂಬ ಜನ ಮುರೀದ್ ಅನ್ನುವ ಸೂಫಿ ಪಂಥದವರು, ಶೇಖ್ ಅಮಾದು ಬಾಂಬಾ ಅವರ ಅನುಯಾಯಿಗಳು. ವಾರಕ್ಕೊಮ್ಮೆ ಸೇರುತ್ತಾರೆ, ಹಾಡುತ್ತಾರೆ, ಚಂದಾ ಹಾಕುತ್ತಾರೆ. ಹೊಸಬ ಬಂದರೆ ಮಲಗಲು ಜಾಗ, ಮೊದಲ ಸರಕಿಗೆ ಬಂಡವಾಳ. ಯಾರಾದರೂ ಸತ್ತರೆ ಹೆಣ ಊರಿಗೆ ಕಳಿಸುವ ಖರ್ಚು. ಹೆಂಗಸರು ಬೇರೆ ಚೀಟಿ ನಡೆಸುತ್ತಾರೆ, ಥೇಟು ನಮ್ಮಮ್ಮ ನಡೆಸುತ್ತಿದ್ದ ಹಾಗೆ.

ಇವರ ದುಡಿಮೆಯ ಫಲ ಹಾರ್ಲೆಮ್‌ನಲ್ಲಿ ಕಾಣುವುದಿಲ್ಲ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇದೆ. ಅದು ಇಲ್ಲಿ ಇರುವುದೇ ಇಲ್ಲ. ಸೆನೆಗಲ್ ದೇಶದ ಒಟ್ಟು ಆದಾಯದಲ್ಲಿ ಸುಮಾರು ಹತ್ತನೇ ಒಂದು ಭಾಗ ಹೊರಗಿರುವವರು ಕಳಿಸುವ ದುಡ್ಡು. ಬಾಂಬಾ ಅವರ ತೂಬಾ ಊರಿನಲ್ಲಿ ವಲಸಿಗರ ಚಂದಾದಿಂದಲೇ ಆಸ್ಪತ್ರೆ ಎದ್ದಿದೆ. ಕಾರ್ನೆಗಿ ಕಟ್ಟಿಸಿದ ಮೊದಲ ಲೈಬ್ರರಿಯೂ ಅವನು ಹುಟ್ಟಿದ ಡನ್‌ಫರ್ಮ್ಲಿನ್‌ನಲ್ಲೇ ಇತ್ತು, 1883ರಲ್ಲಿ. ಆದರೆ ಅವನು ಕೋಟ್ಯಧಿಪತಿ ಆದ ಮೇಲೆ ಕೊಟ್ಟ. ಇವರು ಟೋಪಿ ಮಾರಿ ಬಂದ ದುಡ್ಡಿನಲ್ಲೇ ಕೊಡುತ್ತಾರೆ. ಇಲ್ಲಿ ಮನೆ ಕೊಳ್ಳುವುದಿಲ್ಲ, ಬಾಡಿಗೆ ರೂಮಿನಲ್ಲಿ ಮೂರು ನಾಲ್ಕು ಜನ ಇರುತ್ತಾರೆ. ಅಮೆರಿಕದ ಲೆಕ್ಕದಲ್ಲಿ ಅದು ಬಡತನ. ತೂಬಾದಲ್ಲಿ ಅದು ತಂಗಿಯ ಮದುವೆ, ತಮ್ಮನ ಓದು, ಎರಡು ಅಂತಸ್ತಿನ ಮನೆ.

ಕಷ್ಟ ಇಲ್ಲ ಅಂತ ಹೇಳುತ್ತಿಲ್ಲ. ಹೆಂಡತಿ ಮಕ್ಕಳ ಮುಖ ನೋಡದೆ ಹತ್ತು ಹನ್ನೆರಡು ವರ್ಷ ಕಳೆದವರು ಈ ಬೀದಿಯಲ್ಲಿ ಇದ್ದಾರೆ. ಕಾಗದಪತ್ರ ಸರಿಯಿಲ್ಲದೆ ಡಾಕ್ಟರ ಹತ್ತಿರ ಹೋಗಲೂ ಹೆದರುವವರಿದ್ದಾರೆ. ಮತ್ತೆ, ಇವರು ಬಂದು ನಲವತ್ತು ವರ್ಷ ಆಯಿತು ಅಷ್ಟೇ. ಸ್ಕಾಟರ ಹೆಕ್ಟರ್ ಹಡಗು ನೋವಾ ಸ್ಕೋಷಿಯಾದ ಪಿಕ್ಟೋ ಮುಟ್ಟಿದ್ದು 1773ರಲ್ಲಿ. ಹೋಲಿಸುವುದಾದರೆ ಹೆಕ್ಟರ್ ಬಂದು ನಲವತ್ತು ವರ್ಷ ಆದಾಗಿನ ಪಿಕ್ಟೋ ಜೊತೆ ಹೋಲಿಸು.

ನಮ್ಮ ಮೂಲೆಯವರ ಮಗಳು ಇಲ್ಲೇ ಹುಟ್ಟಿದವಳು. ನರ್ಸಿಂಗ್ ಮೂರನೇ ವರ್ಷ. ಸಂಜೆ ಕ್ಲಾಸು ಮುಗಿಸಿ ಬಂದು ಅಪ್ಪನ ಮೇಜಿನ ಹಿಂದೆ ಮಡಿಚುವ ಕುರ್ಚಿಯಲ್ಲಿ ಕೂತು ಓದುತ್ತಾಳೆ. ಅಪ್ಪ ನಮಾಜಿಗೆ ಹೋದಾಗ ವ್ಯಾಪಾರ ಅವಳದೇ. ಮೊನ್ನೆ ಕೆಲಸದ ಅರ್ಜಿಯ ಜೊತೆ ಕಳಿಸುವ ಪತ್ರವನ್ನು ನನಗೆ ತೋರಿಸಿ, ಅಂಕಲ್, ಇಂಗ್ಲಿಷ್ ಸರಿ ಇದೆಯಾ ನೋಡಿ ಅಂದಳು. ತಪ್ಪು ಒಂದೂ ಇರಲಿಲ್ಲ. ಕೊನೆಯಲ್ಲಿ ಅವಳ ಪೂರ್ತಿ ಹೆಸರು ಇತ್ತು. ಅದನ್ನು ಓದುವಾಗ ನನಗೆ ಆ 21, ಆ 8 ನೆನಪಾಯಿತು. ಅವಳಿಗೆ ಏನೂ ಹೇಳಲಿಲ್ಲ. ಚೆನ್ನಾಗಿದೆ, ಕಳಿಸಮ್ಮ ಅಂದೆ.

ಉತ್ತರ ಬಂದರೆ ನಿನಗೆ ಬರೆಯುತ್ತೇನೆ. ಅಮ್ಮನಿಗೆ, ಅತ್ತಿಗೆಗೆ ಕೇಳಿದೆ ಅಂತ ಹೇಳು.

ನಿನ್ನ,
ಪ್ರಸನ್ನ