ಪುನರ್ಪುಳಿ: ಬೀಜ ಗೊಬ್ಬರದ ಗುಂಡಿಗೆ, ಗಂಡು ಮರ ಒಲೆಗೆ

ಸಂಪಾದಕರೇ,

ಮೇ ತಿಂಗಳು ಬಂದರೆ ನಮ್ಮ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಅಂಗಳದಲ್ಲೆಲ್ಲ ಪುನರ್ಪುಳಿ (ಕೋಕಂ) ಹಣ್ಣಿನ ಸಿಪ್ಪೆ ಒಣಗುತ್ತಿರುತ್ತದೆ. ಶರಬತ್ತು, ಸಾರು, ಎಲ್ಲ ಸರಿ. ಬೀಜ? ಅದು ಸೀದಾ ಗೊಬ್ಬರದ ಗುಂಡಿಗೆ. ನನ್ನ ಅಜ್ಜಿ ಬೀಜ ಬಿಸಾಡಿದ್ದನ್ನು ನಾನು ನೋಡಿಲ್ಲ. ತೊಳೆದು ಒಣಗಿಸಿ, ಸಿಪ್ಪೆ ತೆಗೆದು, ಕುಟ್ಟಿ, ನೀರಿಗೆ ಹಾಕಿ ಕುದಿಸಿ, ಮೇಲೆ ತೇಲಿದ್ದನ್ನು ಸೌಟಿನಲ್ಲಿ ತೆಗೆದಿಡುತ್ತಿದ್ದರು, ತಣಿದರೆ ಅದು ಮೇಣದ ಹಾಗೆ ಗಟ್ಟಿ, ತೋಟದ ಕೆಸರಲ್ಲಿ ನಿಂತು ಒಡೆದ ಹಿಮ್ಮಡಿಗೆ ರಾತ್ರಿ ಅದನ್ನೇ ಬಿಸಿ ಮಾಡಿ ಹಚ್ಚುವುದು. ಬೀಜದ ತೂಕದಲ್ಲಿ ಸುಮಾರು ಕಾಲು ಭಾಗ ಈ ಎಣ್ಣೆಯೇ. ಈಗ ಅದೇ ಕೋಕಂ ಬಟರ್ ಅಂತ ಸಣ್ಣ ಡಬ್ಬಿಯಲ್ಲಿ ಬರುತ್ತದೆ. ನಾವೇ ಆನ್‌ಲೈನಲ್ಲಿ ತರಿಸುತ್ತೇವೆ!

ಆದರೆ ನಾನು ಬರೆಯಲು ಕೂತದ್ದು ಮರದ ವಿಷಯ. ಪಶ್ಚಿಮ ಘಟ್ಟ ಮತ್ತು ಅದರ ಕೆಳಗಿನ ಕರಾವಳಿ ಬಿಟ್ಟರೆ ಈ ಮರದ ಊರು ಬೇರೆ ಇಲ್ಲ ಎನ್ನಬಹುದು. ಯಾವ ಜೀವಿ ಅಳಿವಿನ ಅಪಾಯದಲ್ಲಿದೆ ಎಂದು ಹೇಳುವ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟಿಯಲ್ಲಿ ಇದರ ಹೆಸರಿದೆ. ಗುಡ್ಡೆಗೆ ರಬ್ಬರ್ ಬಂತು, ಕೆಂಪುಕಲ್ಲಿನ ಕೋರೆ ಬಂತು, ಉಳಿದದ್ದನ್ನು ಜೆಸಿಬಿ ನೋಡಿಕೊಂಡಿತು. ಅದರ ಮೇಲೆ ನಮ್ಮದೊಂದು ಕೆಟ್ಟ ಅಭ್ಯಾಸ. ಪುನರ್ಪುಳಿಯಲ್ಲಿ ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಬೀಜದಿಂದ ಎದ್ದ ಗಿಡಗಳಲ್ಲಿ ಹೆಚ್ಚುಕಮ್ಮಿ ಅರ್ಧ ಗಂಡೇ, ಅದು ಗೊತ್ತಾಗಬೇಕಾದರೆ ಏಳೆಂಟು ವರ್ಷ ಕಾಯಬೇಕು. ಕಾಯಿ ಬಿಡಲಿಲ್ಲ ಅಂತ ಕಡಿದು ಸೌದೆ ಮಾಡುತ್ತೇವೆ. ನಾನೂ ಒಂದನ್ನು ಕಡಿಸಿದ್ದೇನೆ, ಸುಳ್ಳು ಯಾಕೆ ಹೇಳಲಿ. ಪರಾಗ ಕೊಡುವುದು ಅದೇ ಮರ ಅಂತ ಆಗ ತಲೆಗೇ ಹೋಗಿರಲಿಲ್ಲ.

ಮಹಾರಾಷ್ಟ್ರದವರನ್ನು ನೋಡಿ. ದಾಪೋಲಿಯ ಕೃಷಿ ವಿಶ್ವವಿದ್ಯಾಲಯ 1997ರಲ್ಲೇ 'ಕೊಂಕಣ ಅಮೃತಾ' ತಳಿ ಬಿಟ್ಟಿತು. ಸಿಂಧುದುರ್ಗ, ರತ್ನಾಗಿರಿಯ ಕೋಕಂಗೆ ಜಿಐ (ಆ ಊರಿನದೇ ವಿಶೇಷ ಎಂಬ ಭೌಗೋಳಿಕ ಗುರುತು) ಮಾನ್ಯತೆಯೂ ಸಿಕ್ಕಿದೆ. ಇಲ್ಲಿ ನಾನು ಒಂದು ಕಚೇರಿಯಲ್ಲಿ ಪುನರ್ಪುಳಿ ಕಸಿ ಗಿಡ ಕೇಳಿದರೆ, ಗೇರು ಉಂಟು, ತೆಂಗು ಉಂಟು, ಅದೆಲ್ಲ ಕಾಡುಮರ ಅಲ್ವಾ ಅಂದರು. 2023ರಲ್ಲಿ ಕಾಸರಕವನ್ನು ಜಿಲ್ಲೆಯ ಮರ ಅಂತ ಘೋಷಿಸಿದ್ದಾರೆ, ಸಂತೋಷ, ಅದೂ ಕಾಡುಮರವೇ.

ಹೆಣ್ಣು ಮರದ ಕಡ್ಡಿಯಿಂದ ಕಸಿ ಕಟ್ಟಿದರೆ ಗಂಡೋ ಹೆಣ್ಣೋ ಎಂಬ ಚಿಂತೆ ಇಲ್ಲ, ಫಸಲೂ ಬೇಗ. ಈ ಮಳೆಗಾಲ ಪಂಚಾಯತಿನವರು ಗಿಡ ಹಂಚುವಾಗ ಅಂಥ ನಾಲ್ಕು ಕಸಿಯನ್ನೂ ಸೇರಿಸಲಿ. ಗುಡ್ಡೆಯಲ್ಲಿ ಹಣ್ಣು ಹೆಕ್ಕುವವರು ಮರದಡಿ ಒಂದಿಷ್ಟು ಬಿಟ್ಟು ಬನ್ನಿ. ಕಾಯಿ ಬಿಡದ ಮರಕ್ಕೆ ಕೊಡಲಿ ಎತ್ತುವ ಮೊದಲು ಡಿಸೆಂಬರ್, ಜನವರಿಯಲ್ಲಿ ಅದರ ಹೂವನ್ನು ಒಮ್ಮೆ ನೋಡಿ.

– ಒಬ್ಬ ಕೃಷಿಕ, ಬದಿಯಡ್ಕ