ಐದು ನಿಮಿಷ ತಡೀರಿ ಸರ್

ಶಿರಸಿ

ಕೂಸೇ,

ಓಟದಲ್ಲಿ ಸೋತು ನೀನು ಅತ್ತ ವಿಡಿಯೋ ನಮ್ಮನೆ ಅಂಗಳಕ್ಕೂ ಬಂತು. ರಾತ್ರಿ ಎಲ್ಲ ಸೇರಿ ಅಡಿಕೆ ಸುಲಿಯುತ್ತಿದ್ದೆವು. ನಿನ್ನ ಸಣ್ಣತ್ತೆ ಮೆಟ್ಟುಗತ್ತಿ ಬಿಟ್ಟು ಏಳದೆ ಮೊಬೈಲ್ ಚಾಚಿದಳು. "ಟಿವಿಯವರ ಎದುರು ಹೀಗಾ ಅಳೋದು?" ಅಂದಳು. 2021ರಲ್ಲಿ ಟೋಕಿಯೊದಲ್ಲಿ ನಮ್ಮ ಹಾಕಿ ಹುಡುಗಿಯರು ಬ್ರಿಟನ್ ಎದುರು 4-3ರಲ್ಲಿ ಕಂಚು ಕಳೆದುಕೊಂಡು ಮೈದಾನದಲ್ಲೇ ಅತ್ತಾಗ ಸೆರಗಲ್ಲಿ ಕಣ್ಣೊರೆಸಿಕೊಂಡವಳು ಇವಳೇ!

ನಾನು ವಿಡಿಯೋ ಮತ್ತೆ ಮತ್ತೆ ನೋಡಿದೆ. ನಿನಗಿನ್ನೂ ಏದುಸಿರು ನಿಂತಿರಲಿಲ್ಲ. ನಂಬರ್ ಚೀಟಿಯ ಒಂದು ಪಿನ್ನು ಕಿತ್ತು, ಚೀಟಿ ನೇತಾಡುತ್ತಿತ್ತು. ಅಷ್ಟರಲ್ಲಿ ಗಲ್ಲದ ಹತ್ತಿರ ಮೈಕು. "ಸೋತಿದ್ದಕ್ಕೆ ಹೇಗನ್ನಿಸ್ತಿದೆ?" 800 ಮೀಟರ್ ಓಡಿ ಬಂದವಳಿಗೆ ಕೇಳುವ ಮಾತಾ ಅದು?

ಆದರೂ ಮೈಕು ಹಿಡಿದ ಆ ಹುಡುಗನ ಮೇಲೆ ನಂಗೆ ಸಿಟ್ಟಿಲ್ಲ. ಇಲ್ಲಿ ಮಾರಿಕಾಂಬಾ ಮೈದಾನದಲ್ಲಿ ನೀನು ಓಡುವಾಗ ಒಬ್ಬ ವರದಿಗಾರನೂ ಬರುತ್ತಿರಲಿಲ್ಲ, ಅಲ್ವಾ? ದೊಡ್ಡ ಕೂಟಗಳಲ್ಲಂತೂ ಟ್ರ್ಯಾಕಿನಿಂದ ಹೊರಗೆ ಹೋಗುವ ದಾರಿಯಲ್ಲೇ ಅವರು ಬೇಲಿಯಾಚೆ ಸಾಲಾಗಿ ನಿಂತಿರುತ್ತಾರೆ. ಗೆದ್ದವರೂ ಸೋತವರೂ ಅಲ್ಲೇ ಹಾದು ಹೋಗಬೇಕು.

ಟೆನಿಸ್ ಆಟಗಾರ್ತಿ ನವೊಮಿ ಒಸಾಕಾ 2021ರ ಫ್ರೆಂಚ್ ಓಪನ್‌ನಲ್ಲಿ ಪತ್ರಿಕಾಗೋಷ್ಠಿಗೇ ಬರಲ್ಲ ಅಂದಳು. ಮೊದಲ ಪಂದ್ಯ ಗೆದ್ದರೂ 15,000 ಡಾಲರ್ ದಂಡ ಬಿತ್ತು, ಮರುದಿನ ಟೂರ್ನಿಯನ್ನೇ ಬಿಟ್ಟಳು. ಅವಳ ಸಂಕಟ ನಂಗೆ ಅರ್ಥ ಆಗುತ್ತದೆ. ಆದರೆ ನಿನಗೆ ನಾನು ಹೇಳುವುದು ಇನ್ನೊಬ್ಬ ಟೆನಿಸ್ ಆಟಗಾರ ಆಂಡಿ ಮರ್ರೆಯ ದಾರಿ. 2019ರ ಜನವರಿ, ಮೆಲ್ಬರ್ನ್. ಸೊಂಟದ ಕೀಲಿನ ನೋವಿನಿಂದ ಆಟ ಬಿಡುವ ಹಂತಕ್ಕೆ ಬಂದಿದ್ದ. ಪತ್ರಿಕಾಗೋಷ್ಠಿಯಲ್ಲಿ ಹೇಗಿದ್ದೀರಿ ಅಂತ ಕೇಳಿದ್ದೇ ತಡ, ಗಂಟಲು ಕಟ್ಟಿತು. ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ವಾಪಸ್ ಬಂದು ಕೂತ, ಅಳುತ್ತಲೇ ಎಲ್ಲ ಹೇಳಿದ. ಎರಡು ಸಲ ವಿಂಬಲ್ಡನ್ ಗೆದ್ದವನು ಅವನು.

ನೀನೂ ಮುಂದಿನ ಸಲ "ಐದು ನಿಮಿಷ ತಡೀರಿ ಸರ್" ಅನ್ನು. ನೀರು ಕುಡಿ, ಶೂ ಬಿಚ್ಚು, ಆಮೇಲೆ ಹೋಗಿ ಮಾತಾಡು. ಅಳು ಬಂದರೆ ಅಳು, ಸಣ್ಣತ್ತೆಯನ್ನು ನಾನು ನೋಡಿಕೊಳ್ಳುತ್ತೇನೆ.

ಒಂದು ಮಾತು. ಮೊದಲ ಸುತ್ತಲ್ಲೇ ಯಾಕೆ ಅಷ್ಟು ಜೋರಾಗಿ ಹೋದೆ? ಆ ಹುಡುಗ ಅದನ್ನು ಕೇಳಲೇ ಇಲ್ಲ. ನಂಗೆ ಅದೇ ಬೇಕಿತ್ತು. ಭಾನುವಾರ ಫೋನ್ ಮಾಡಿದಾಗ ಹೇಳು.

ನಿನ್ನ
ಆಯಿ